ಅಳಿಯನ ಶೇರ್ವಾನಿಯ ಗುಂಡಿ

ಕೊರಳಪಟ್ಟಿಯ ಗುಂಡಿ ಒಂದೇ ಬಾಕಿ ಇತ್ತು. ಅದನ್ನು ಹೊಲಿದುಬಿಟ್ಟರೆ ಮೊಮ್ಮಗಳ ಕೈಹಿಡಿಯಲಿರುವ ವೈಭವನ ಶೇರ್ವಾನಿ ಮುಗಿದಂತೆ. ಅಮೀರ್‌ಪೇಟೆಯ ನಮ್ಮ ಬಾಲ್ಕನಿಗೆ ಬಿಸಿಲು ಬರುವುದೇ ಅಪರೂಪ. ಎದುರಿಗೆ ಜಾವಾ ಕಲಿಸುತ್ತೇವೆ, ಒರಾಕಲ್ ಕಲಿಸುತ್ತೇವೆ ಎಂದು ಒಂದರ ಮೇಲೊಂದು ಬೋರ್ಡು ಹಾಕಿದ್ದಾರಲ್ಲ, ಅವುಗಳ ಸಂದಿಯಿಂದ ಬೆಳಿಗ್ಗೆ ತುಸು ಹೊತ್ತು ಬಂದು ಹೋಗುತ್ತದೆ. ಆ ಬಿಸಿಲಿನಲ್ಲಿ ಕೂತು ಸೂಜಿಗೆ ದಾರ ಪೋಣಿಸಿ, ತುಟಿಯ ನಡುವೆ ಹಿಡಿದಿದ್ದ ಗುಂಡಿಯನ್ನು ತೆಗೆದು ಬೆರಳ ಮೇಲಿಟ್ಟುಕೊಂಡೆ.

ಗುಂಡಿಯ ಮೈಯಲ್ಲಿ ಕಪ್ಪು ಚುಕ್ಕಿಗಳಿದ್ದವು.

ಮೊದಲು ನನ್ನ ಕಣ್ಣಿನ ದೋಷವೆಂದುಕೊಂಡೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಸೂಜಿಮೊನೆಯಿಂದ ಚುಚ್ಚಿದಂಥ ಸಣ್ಣ ಸಣ್ಣ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. ಸಿಂಪಿಯ, ಎಂದರೆ ಮುತ್ತಿನ ಚಿಪ್ಪಿನ, ಗುಂಡಿಯಾದರೆ ಬಿಸಿಲಿಗೆ ಹಿಡಿದಾಗ ಒಳಗಿನಿಂದ ತಿಳಿ ಗುಲಾಬಿ, ತಿಳಿ ಹಸಿರು ಮಿಂಚಿ ಹೋಗುತ್ತದೆ. ಇದರಲ್ಲಿ ಏನೂ ಮಿಂಚಲಿಲ್ಲ. ಹಳೆಯ ಹಲ್ಲಿನ ಬಣ್ಣ, ಅಷ್ಟೆ.

ಹಲ್ಲು ಎಂದು ನೆನೆದ ಕೂಡಲೇ ಮಡಿಲಲ್ಲಿದ್ದ ಶೇರ್ವಾನಿಯನ್ನು ಬಿಸಿಲಿಗೆ ಎಳೆದುಕೊಂಡು ಎದೆಯ ಮೇಲಿನ ಗುಂಡಿಗಳನ್ನು ಒಂದೊಂದಾಗಿ ನೋಡಿದೆ. ಎಲ್ಲದರಲ್ಲೂ ಅದೇ ಗೀರುಗಳು. ಮೂಳೆಯ ಗುಂಡಿ ಎನ್ನುವುದೊಂದು ಇದೆ ಎಂದು ಕೇಳಿದ್ದೆ. ಇದು ಅದೇ ಆಗಿದ್ದರೆ?

ನನ್ನ ಆಯುಷ್ಯವೆಲ್ಲ ಕಾಜ ಹೊಲಿಯುವುದರಲ್ಲಿ, ಗುಂಡಿ ಹಚ್ಚುವುದರಲ್ಲಿ ಕಳೆದಿದೆ. ಕೆಳಗಿನ ಟೇಲರ್ ಅಂಗಡಿಯವರು ಬಟ್ಟೆ ಹೊಲಿದು ಮೇಲಕ್ಕೆ ಕಳಿಸುತ್ತಾರೆ, ಕೈಕೆಲಸ ನನ್ನದು. ಈಚೆಗಂತೂ ಹಾಸ್ಟೆಲ್ ಹುಡುಗರ ಇಂಟರ್‌ವ್ಯೂ ಅಂಗಿಗಳೇ ಹೆಚ್ಚು. ಬಿಳಿ ಅಂಗಿ, ಆಕಾಶನೀಲಿ ಅಂಗಿ, ನಾಲ್ಕು ತೂತಿನ ಪ್ಲಾಸ್ಟಿಕ್ ಗುಂಡಿ. ಒಳ್ಳೆಯ ಬಟ್ಟೆ ಬಂದಾಗ ಮಾತ್ರ ಸಿಂಪಿಯದು. ಅಂಗಡಿಯವರು ಪ್ಲಾಸ್ಟಿಕ್ಕನ್ನೇ ಸಿಂಪಿ ಎಂದು ದಾಟಿಸದಿರಲಿ ಎಂದು ನಾನು ಗುಂಡಿಯನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತೇನೆ. ಪ್ಲಾಸ್ಟಿಕ್ಕಾದರೆ ಬೆಚ್ಚಗಿರುತ್ತದೆ, ಸಿಂಪಿಯಾದರೆ ತಣ್ಣಗೆ ಹತ್ತುತ್ತದೆ. ಈ ಗುಂಡಿಗಳನ್ನು ಚಾರ್‌ಮಿನಾರಿನ ಹತ್ತಿರ ಹಬೀಬ್ ಸಾಹೇಬರ ಅಂಗಡಿಯಲ್ಲಿ ಆರಿಸಿದಾಗಲೂ ಹಾಗೆಯೇ ಮಾಡಿದ್ದೆ. ತಣ್ಣಗಿದ್ದವು. ಹೊಳಪು ಇಲ್ಲದ್ದು ಹಳೆಯ ಮಾಲಾದ್ದರಿಂದ ಇರಬೇಕು ಎಂದುಕೊಂಡೆ. ಹೊಳಪು ಬೇಡವೆಂದು ಮೊಮ್ಮಗಳು ಐಶ್ವರ್ಯಾ ಕೂಡ ಹೇಳಿದ್ದಳು. ಪ್ಲಾಸ್ಟಿಕ್ಕೋ ಸಿಂಪಿಯೋ, ನನಗೆ ಗೊತ್ತಿದ್ದ ಪ್ರಶ್ನೆ ಅದೊಂದೇ. ಮೂರನೆಯದೊಂದು ಇರಬಹುದು ಎಂದು ಹೊಳೆಯಲೇ ಇಲ್ಲ.

ಬೇರೆ ಯಾರ ಮನೆಯ ಶೇರ್ವಾನಿಯಾದರೂ ಇಷ್ಟು ಹೆದರುತ್ತಿರಲಿಲ್ಲ. ಗಂಡಿನ ತಾಯಿ ಶಿವದೇವಮ್ಮನವರು ಗುಲಬರ್ಗಾ ಕಡೆಯವರು, ದಿನವೂ ಶಿವಪೂಜೆಯಾಗದೆ ನೀರು ಮುಟ್ಟುವವರಲ್ಲ. ತೊಗಲಿನದು, ಮೂಳೆಯದು, ಕೊಂಬಿನದು ಏನೂ ಅವರ ಹೊಸಿಲು ದಾಟುವಂತಿಲ್ಲ. ಹಿಂದೆ ಮಗನಿಗೆ ಗೊತ್ತಾಗಿದ್ದ ಒಂದು ಸಂಬಂಧವನ್ನು ಬೀಗರು ಕೊಟ್ಟ ಬೆಲ್ಟಿನ ಕಾರಣಕ್ಕೆ ಬಿಟ್ಟರಂತೆ. ನಿಜವೋ ಸುಳ್ಳೋ, ನಮ್ಮ ನೆಂಟರೆಲ್ಲ ಅದನ್ನು ಹೇಳುತ್ತಿದ್ದರು. ನಿಶ್ಚಯದ ಬಟ್ಟೆ ಹೆಣ್ಣಿನ ಕಡೆಯವರೇ ಕೊಡಬೇಕು. ಅದನ್ನು ಹಿಂದಿನ ದಿನ ಮನೆಯ ಗುರುಗಳಾದ ಅಯ್ಯನವರ ಮುಂದಿಟ್ಟು ವಿಭೂತಿ ಹಚ್ಚಿಸಿ ತರುವುದು ಅವರ ಮನೆಯ ಪದ್ಧತಿ. ನಿಶ್ಚಯ ನಾಳೆ. ಇವತ್ತು ಸಂಜೆ ಶಿವದೇವಮ್ಮನವರು ಉಪ್ಪಲಿನ ತಮ್ಮ ಅಣ್ಣನ ಮನೆಯಿಂದ ಬಂದು ಶೇರ್ವಾನಿ ಒಯ್ಯುವವರಿದ್ದರು.

ಐಶ್ವರ್ಯಾ ಮತ್ತು ವೈಭವ ಮಾದಾಪುರದಲ್ಲಿ ಒಂದೇ ಆಫೀಸಿನವರು. ಒಂದೇ ಕ್ಯಾಬಿನಲ್ಲಿ ಹೋಗಿ ಬಂದು ಗುರುತಾದವರು. ಜಾತಿ ಕೂಡಿತು, ಊರು ಕೂಡಿತು, ಎರಡೂ ಮನೆ ಒಪ್ಪಿದವು. ಆದರೂ ಹುಡುಗಿಗೆ ಅತ್ತೆಯೆಂದರೆ ನಡುಕ. "ಅಜ್ಜಿ, ನಿಶ್ಚಯ ಒಂದ್ ಚಂದಂಗ ಮುಗೀಲಿ, ಆಮ್ಯಾಲ ನಾ ಉಸಿರು ಬಿಡ್ತೀನಿ" ಎಂದು ನಿನ್ನೆಯಷ್ಟೇ ನನ್ನ ಹೆಗಲಿಗೆ ತಲೆ ಆನಿಸಿ ಹೇಳಿದ್ದಳು.

ಸುಮ್ಮನೆ ಗುಂಡಿ ಬದಲಿಸಿಬಿಡಲೇ? ಅದೂ ಆಗುವಂತಿರಲಿಲ್ಲ. ಹೋದ ವಾರ ಅಳತೆ ನೋಡಲು ಬಂದಾಗ ಶಿವದೇವಮ್ಮನವರು ಆ ಗುಂಡಿಗಳನ್ನು ಬೆರಳಿನಿಂದ ಸವರಿ, "ಎಷ್ಟ್ ಚಲೋ ಅದಾವ್ರಿ, ಮುತ್ತಿನಂಗ" ಎಂದು ಮೆಚ್ಚಿದ್ದರು. ಐಶ್ವರ್ಯಾ ಫೋಟೋ ಕೂಡ ತೆಗೆದಿದ್ದಳು. ಬದಲಿಸಿದರೆ ಯಾಕೆ ಎಂದು ಕೇಳದೆ ಬಿಡುವವರಲ್ಲ. ಅಲ್ಲದೆ ಇವು ಸಿಂಪಿಯವೇ ಆಗಿದ್ದರೆ, ನಾನು ಸುಮ್ಮನೆ ಬೆಂಕಿ ಹಚ್ಚಿಕೊಂಡಂತೆ.

ಎದ್ದು ಮೊದಲು ಬಾಯಿ ತೊಳೆದುಕೊಂಡೆ. ಹಣೆಗೆ ವಿಭೂತಿ ಹಚ್ಚಿಕೊಂಡೆ. ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿಕೊಳ್ಳಲು ಹೋಗಿ ಕೈ ಹಿಂದೆ ತೆಗೆದೆ. ಆಮೇಲೆ ಗುಂಡಿಯ ಪೊಟ್ಟಣದ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ.

ಹಬೀಬ್ ಸಾಹೇಬರು ಸಮಾಧಾನದ ಮನುಷ್ಯ. "ಅಮ್ಮಾ, ವೋ ಅಬ್ಬಾ ಕೇ ಜಮಾನೇ ಕಾ ಮಾಲ್ ಹೈ" ಎಂದರು. ಅವರ ಅಪ್ಪನ ಕಾಲದ ಡಬ್ಬಿಯಂತೆ. ಅದರಲ್ಲಿ ಸಿಂಪಿಯವೂ ಇವೆ, ಮೂಳೆಯವೂ ಇವೆ.

"ಮೊದಲಽ ಯಾಕ ಹೇಳಲಿಲ್ಲ ಸಾಹೇಬ್ರ?" ಎಂದು ನನಗೆ ಬರುವ ಹಿಂದಿಯಲ್ಲಿ ಕೇಳಿದೆ.

"ಆಪ್ ಪೂಛೇಚ್ ನೈ ನಾ ಅಮ್ಮಾ!"

ಅದೂ ನಿಜವೇ. ನಾನು ಕೇಳಿರಲಿಲ್ಲ. ನಾಲಿಗೆಗೆ ಮುಟ್ಟಿಸಿ, ಇವೇ ಬೇಕು ಎಂದು ಬೆರಳು ತೋರಿಸಿದ್ದೆ. ಇದು ಯಾವುದೆಂದು ಫೋನಿನಲ್ಲಿ ಹೇಗೆ ಹೇಳಲಿ ಎಂದು ಅವರು ಒಂದು ಉಪಾಯ ಕೊಟ್ಟರು. ಸೂಜಿಯನ್ನು ಕೆಂಪಗೆ ಕಾಯಿಸಿ ಗುಂಡಿಯ ಬೆನ್ನಿಗೆ ಮುಟ್ಟಿಸಬೇಕು. ಕೂದಲು ಸುಟ್ಟ ವಾಸನೆ ಬಂದರೆ ಮೂಳೆ. ಸಿಂಪಿಯಾದರೆ ಅಂಥ ವಾಸನೆ ಬರುವುದಿಲ್ಲ. "ಫಿಕರ್ ನಕ್ಕೋ ಕರೋ" ಎಂದು ಹೇಳಿ ಫೋನ್ ಇಟ್ಟರು.

ಚಿಂತೆ ಬೇಡ ಎಂದರಲ್ಲ, ನನ್ನ ಫಿಕರು ಆಗಲೇ ಶುರುವಾಯಿತು. ಯಾಕೆಂದರೆ ನನಗೆ ಮೂಗಿಲ್ಲ. ಮೂಗಿದೆ, ವಾಸನೆ ಇಲ್ಲ. ಹಿಂದೊಮ್ಮೆ ಟೈಫಾಯ್ಡ್ ಬಂದು ಹೋದಾಗ ಅದನ್ನೂ ಒಯ್ದಿತು. ಒಲೆಯ ಮೇಲಿನ ಸಾರು ಹೊತ್ತಿದರೆ ಸೊಸೆ ಸಾವಿತ್ರಿ ಆಚೆ ಕೋಣೆಯಿಂದ ಓಡಿಬಂದು ಹೇಳಬೇಕು. ಇವತ್ತು ಸಾವಿತ್ರಿಯೂ ಮನೆಯಲ್ಲಿರಲಿಲ್ಲ. ನೆಂಟರನ್ನು ಕರೆಯಲು ಹೋಗಿದ್ದಳು. ಮಗ ಕಲ್ಯಾಣಪ್ಪ ಬ್ಯಾಂಕಿನಲ್ಲಿ. ಪಕ್ಕದ ಮನೆಯ ತೆಲುಗಿನವರನ್ನು ಕರೆದು, ಇದನ್ನು ಮೂಸಿ ನೋಡಿ ಎಂದರೆ ಯಾಕೆ, ಏನು, ಯಾರದು ಎಂದು ಶುರುವಾಗಿ ಮಧ್ಯಾಹ್ನದೊಳಗೆ ಕಟ್ಟಡವೆಲ್ಲ ಗೊತ್ತಾಗುತ್ತಿತ್ತು.

ಸಾವಿತ್ರಿ ಬರಲಿ ಎಂದು ಕಾದೆ. ಊಟ ಸೇರಲಿಲ್ಲ. ಕಾಯುತ್ತ ಕಾಯುತ್ತ ಮನಸ್ಸಿನಲ್ಲೇ ವಾದ ಮಾಡಿದೆ. ಮುತ್ತು ನಡೆಯುತ್ತದೆ, ಅದು ಯಾವ ಗಿಡದಲ್ಲಿ ಬಿಡುತ್ತದೆ? ರೇಷ್ಮೆ ಉಡುತ್ತಾರೆ, ಅದು ಹುಳುವಿನದಲ್ಲವೇ? ಹಾಗಾದರೆ ಗುಂಡಿಯೊಂದು ಏನು ಮಹಾ? ಈ ಮಾತನ್ನು ಶಿವದೇವಮ್ಮನವರ ಮುಂದೆ ಹೇಳುತ್ತಿರುವಂತೆ ನೆನೆದುಕೊಂಡೆ. ಎರಡನೆಯ ಮಾತಿಗೇ ಕೈಬಿಟ್ಟೆ.

ಫೋನ್ ಹೊಡೆದುಕೊಂಡಾಗ ಬೆಚ್ಚಿದೆ. ಐಶ್ವರ್ಯಾ.

"ಅಜ್ಜಿ, ಶೇರ್ವಾನಿ ಆತೇನು?"

"ಆಗೈತವ್ವಾ."

"ಧ್ವನಿ ಯಾಕ ಹಂಗೈತಿ? ಅತ್ತಿ ಏನಾರ ಅಂದ್ರೇನು?"

"ಇನ್ನಾ ಬಂದಽ ಇಲ್ಲ ಅವರು. ನೀ ಕೆಲಸ ಮಾಡ್ಕೋ ಹೋಗು, ಇಲ್ಲಂದ್ರ ನಾಳಿ ರಜಾ ಕೊಡೂದಿಲ್ಲ ನಿಮ್ಮ ಸಾಹೇಬ."

"ಅಜ್ಜಿ, ಇಸ್ತ್ರಿ ಮಾಡುವಾಗ ಗುಂಡಿಗೆ ಹತ್ತಿಸಬ್ಯಾಡ ಮತ್ತ. ಕರಗಿಬಿಡ್ತಾವ."

"ಅವು ಕರಗೂದಿಲ್ಲ ಬಿಡು" ಎಂದೆ. ಯಾಕೆ ಎಂದು ಅವಳು ಕೇಳುವ ಮೊದಲೇ ಫೋನ್ ಇಟ್ಟೆ.

ಸಾವಿತ್ರಿ ಬರಲೇ ಇಲ್ಲ. ಹೊತ್ತು ಇಳಿಯುತ್ತಿತ್ತು. ಕೊನೆಗೆ, ವಾಸನೆ ನನಗೆ ತಿಳಿಯದಿದ್ದರೂ ಕಣ್ಣಿಗಾದರೂ ಏನಾದರೂ ಕಂಡೀತು ಎಂದು, ಹೊಲಿಯದೆ ಉಳಿದಿದ್ದ ಆ ಗುಂಡಿಯನ್ನು ಅಡುಗೆಮನೆಗೆ ಒಯ್ದೆ. ಗ್ಯಾಸ್ ಹಚ್ಚಿ, ದಬ್ಬಣವನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ಗುಂಡಿಯ ಬೆನ್ನಿಗೆ ಒತ್ತಿದೆ. ಚುರ್ರೆಂದಿತು. ದಾರದಷ್ಟು ತೆಳುವಾದ ಹೊಗೆ ಎದ್ದಿತು. ಕಂದು ಬಣ್ಣದ ಕಲೆ ಬಿತ್ತು. ಮೂಗನ್ನು ಅದರ ಮೇಲೇ ಇಟ್ಟು ಎಳೆದೆ. ಏನೂ ಇಲ್ಲ. ಮತ್ತೊಮ್ಮೆ ಒತ್ತಿದೆ, ಮತ್ತೊಮ್ಮೆ ಎಳೆದೆ. ಬಿಸಿ ಗಾಳಿ ಹೋಯಿತು, ಅಷ್ಟೆ.

ಆಗ ಬಾಗಿಲ ಗಂಟೆ ಬಡಿಯಿತು. ಸಾವಿತ್ರಿ ಬಂದಳು, ದೇವರು ಬಂದಂತೆ ಬಂದಳು ಎಂದುಕೊಂಡು ಓಡಿಹೋಗಿ ಬಾಗಿಲು ತೆಗೆದೆ.

ಶಿವದೇವಮ್ಮನವರು ನಿಂತಿದ್ದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಶೇರ್ವಾನಿ ಒಯ್ಯಲು ತಂದ ದೊಡ್ಡ ಬಟ್ಟೆಯ ಚೀಲ.

"ಅಣ್ಣನ ಕಾರ್ ಈ ಕಡಿ ಬರಾಕತ್ತಿತ್ತು, ಲಗೂನ ಬಂದೆ" ಎನ್ನುತ್ತ ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಮೂಗು ಸೊಟ್ಟ ಮಾಡಿದರು. "ಅಮ್ಮಾರ, ಏನ್ ಸುಟ್ಟೀರಿ? ಕೂದ್ಲ ಸುಟ್ಟ ವಾಸ್ನಿ ಬಡಿಯಾಕತ್ತೈತಿ."

ಬಾಗಿಲ ಚಿಲಕ ಹಿಡಿದುಕೊಂಡೆ. "ಕೂದ್ಲದ್ದಽ ಏನ್ರಿ?"

"ಹ್ಞೂಂರಿ, ಕೂದ್ಲದ್ದಽ. ನಿಮಗ ಬರವಲ್ದೇನು? ಗ್ಯಾಸ್ ಮುಂದ ಬಗ್ಗಿದ್ರ್ಯಾ? ಎಲ್ಲೆ, ತಲಿ ತೋರಸ್ರಿ." ಚೀಲ ಕೆಳಗಿಟ್ಟು, ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಹಣೆಯ ಮೇಲಿನ ಕೂದಲನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡತೊಡಗಿದರು. "ನಮ್ಮವ್ವಗ ಹಿಂಗಽ ಆಗಿತ್ತು. ಸ್ಟೋ ಭಗ್ ಅಂತ ಹತ್ತಿ ಒಂದ್ ಹುಬ್ಬ ಹೋಗೇಬಿಟ್ಟಿತ್ತು. ನಾವು ಹುಡುಗೂರೆಲ್ಲಾ ನಕ್ಕಿದ್ದಽ ನಕ್ಕಿದ್ದು. ಆಕಿ ಪಾಪ, ಕಾಡಿಗಿ ಹಚ್ಕೊಂಡು ತಿರಗತಿದ್ಲು."

ಹೌದು, ಬಗ್ಗಿದ್ದೆ ಎಂದರೆ ಮುಗಿಯುತ್ತಿತ್ತು. ಸುಳ್ಳನ್ನು ನಾನು ಹುಡುಕಬೇಕಾಗಿಯೂ ಇರಲಿಲ್ಲ, ಅವರೇ ಕೈಗೆ ಕೊಟ್ಟಿದ್ದರು. ಸುಟ್ಟ ಗುಂಡಿ ಗ್ಯಾಸಿನ ಕಟ್ಟೆಯ ಮೇಲಿತ್ತು, ಕಲೆ ಅದರ ಬೆನ್ನಿಗಿತ್ತು, ಹಾಗೆಯೇ ಹೊಲಿದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಗುಂಡಿಗಳ ಮೇಲೆ ಅಯ್ಯನವರು ವಿಭೂತಿ ಹಚ್ಚುವರು. ಈ ಹೆಂಗಸು ಕೈಮುಗಿದು ಎದುರಿಗೆ ನಿಂತಿರುವಳು. ಅವರ ಬೆರಳು ಇನ್ನೂ ನನ್ನ ತಲೆಯಲ್ಲಿ ಸುಟ್ಟ ಗಾಯ ಹುಡುಕುತ್ತಿತ್ತು.

"ಕೂದ್ಲ ಅಲ್ರಿ ಶಿವದೇವಮ್ಮಾರ" ಎಂದೆ. "ಗುಂಡಿ."

"ಯಾವ ಗುಂಡಿ?"

"ಶೇರ್ವಾನೀದು. ಸಿಂಪಿ ಅಂತ ತಂದಿದ್ದೆ. ಎಲುಬಿಂದಂತ್ರಿ ಅದು."

ಬೆರಳು ನಿಂತಿತು. ಅವರು ಕೈಯನ್ನು ಹಿಂದೆ ತೆಗೆದುಕೊಂಡರು. ಗೋಡೆಯ ಮೊಳೆಗೆ ತೂಗುಹಾಕಿದ್ದ ಶೇರ್ವಾನಿಯನ್ನು ನೋಡಿದರು. ಕುರ್ಚಿಯಲ್ಲಿ ಕೂತರು. ನಾನು ನೀರು ತಂದುಕೊಟ್ಟೆ. ಮುಟ್ಟಲಿಲ್ಲ.

"ಗೊತ್ತಿದ್ದಽ ಹಚ್ಚೀರೇನು?"

"ಇಲ್ರಿ. ಮುಂಜಾನಿ ಸಂಶೆ ಬಂತು. ಕೂದ್ಲ ಸುಟ್ಟ ವಾಸ್ನಿ ಬಂದ್ರ ಎಲುಬು ಅಂತ ಅಂಗಡ್ಯಾವ್ರು ಹೇಳಿದ್ರು. ನನಗ ವಾಸ್ನಿ ಬರೂದಿಲ್ರಿ. ಈಗ ನೀವು ಅಂದ ಮ್ಯಾಗ ಖಾತ್ರಿ ಆತು."

ಅವರು ನನ್ನನ್ನೇ ನೋಡಿದರು. "ಅಂದ್ರ ಈ ತೀರ್ಪು ನನ್ನ ಬಾಯಿಂದನಽ ಬರಬೇಕಾಗಿತ್ತು."

ನಾನು ಅವರು ಮುಟ್ಟದ ನೀರಿನ ಲೋಟವನ್ನು ಬದಿಗೆ ಸರಿಸಿದೆ.

"ಐಶ್ವರ್ಯಾಗ ಗೊತ್ತೈತೇನು?"

"ಆ ಕೂಸಿಗೆ ಏನೂ ಗೊತ್ತಿಲ್ರಿ. ನನ್ನ ಮಗ ಸೊಸಿಗೂ ಗೊತ್ತಿಲ್ಲ. ಬೈಯೂದಿದ್ರ ನನಗ ಬೈರಿ. ಬೇಕಾದ್ರ ಕಾಲು ಹಿಡಿತೀನಿ. ಸಂಬಂಧಕ್ಕ ಮಾತ್ರ ಇದನ್ನ ಹಚ್ಚಬ್ಯಾಡ್ರಿ."

"ಕಾಲು ಗೀಲು ಅನಬ್ಯಾಡ್ರಿ, ಹಿರ್ಯಾರು ನೀವು." ಅವರ ಕಣ್ಣು ನನ್ನ ಕೊರಳಿನ, ಲಿಂಗ ಕಟ್ಟಿದ ಶಿವದಾರದ ಮೇಲೆ ನಿಂತಿತು. "ಹೋದ ವಾರ ನಾ ಬಂದಾಗ ನೋಡೀನಿ. ಗುಂಡಿ ಬಾಯಾಗ ಇಟ್ಕೊಂಡು ಹೊಲ್ಯಾಕತ್ತಿದ್ರಿ."

"ಹೌದ್ರಿ."

"ಎಲ್ಲಾವೂ?"

"ಎಲ್ಲಾವೂ. ಬಾಯಿ ತೊಳ್ಕೊಂಡೆ. ವಿಭೂತಿ ಹಚ್ಕೊಂಡೆ. ಮುಂದೇನ್ ಮಾಡಬೇಕೋ ನನಗೂ ತಿಳೀವಲ್ದು."

ಶಿವದೇವಮ್ಮನವರು ಎದ್ದು ಬಾಲ್ಕನಿಗೆ ಹೋದರು. ಕೈಯಲ್ಲಿ ಮೊಬೈಲಿತ್ತು. ಅಣ್ಣನಿಗೆ ಮಾಡುತ್ತಾರೆ ಎಂದುಕೊಂಡೆ. ಸಂಬಂಧ ಬೇಡ ಎನ್ನುವ ಮಾತು ಹೇಗೆ ಶುರುವಾಗುತ್ತದೆ, ಯಾರು ಯಾರಿಗೆ ಮೊದಲು ಹೇಳುತ್ತಾರೆ, ಆಫೀಸಿನಲ್ಲಿ ಕೂತ ಹುಡುಗಿಗೆ ಯಾರು ತಿಳಿಸುತ್ತಾರೆ, ಎಲ್ಲವೂ ಕಣ್ಣ ಮುಂದೆ ಬಂತು. ಕೆಳಗೆ ಬಸ್ಸುಗಳು ಕೂಗುತ್ತಿದ್ದವು. ಅವರು ಬೆನ್ನು ತಿರುಗಿಸಿ ನಿಂತೇ ಇದ್ದರು. ಫೋನನ್ನು ಕಿವಿಗೆ ಹಿಡಿಯಲಿಲ್ಲ, ಒಳಗೂ ಇಡಲಿಲ್ಲ.

ಬಹಳ ಹೊತ್ತಾದ ಮೇಲೆ ಒಳಗೆ ಬಂದರು.

"ಕತ್ರಿ ಎಲ್ಲೈತ್ರಿ?"

ಶೇರ್ವಾನಿಯನ್ನೇ ಕತ್ತರಿಸುತ್ತಾರೇನೋ ಎಂದುಕೊಂಡೆ. ಆದರೂ ಕೊಟ್ಟೆ. ಅವರು ಶೇರ್ವಾನಿಯನ್ನು ಮಡಿಲಿಗೆ ಹಾಕಿಕೊಂಡು ಕೆಳಗಿನ ಗುಂಡಿಯಿಂದ ಶುರುಮಾಡಿದರು. ಬಟ್ಟೆಗೆ ತಾಗದಂತೆ ದಾರವನ್ನಷ್ಟೇ ಕತ್ತರಿಸಿ, ಗುಂಡಿಯನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಕಾಗದದ ಮೇಲೆ ಹಾಕಿದರು.

"ಸಿಟ್ಟು ಬಂದೈತ್ರಿ ನನಗ" ಎಂದರು ತಲೆ ಎತ್ತದೆ. "ಇಲ್ಲಾ ಅಂತ ಹೇಳೂದಿಲ್ಲ."

"ಬರಬೇಕಾದ್ದಽ ರಿ."

"ವೈಭವ ಆಫೀಸಿಗೆ ತೊಗಲಿನ ಬೂಟ್ ಹಾಕ್ಕೊಂಡು ಹೋಗ್ತಾನ. ನಾ ಊರಿಂದ ಬಂದೆ ಅಂದ್ರ ಅವನ್ನ ಕಾಟಿನ ಕೆಳಗ ತಳ್ಳಿ ಬ್ಯಾರೆ ಹಾಕ್ಕೊಂತಾನ. ಕಸ ಹೊಡ್ಯಾಕಿಗೆ ಕಾಟಿನ ಕೆಳಗ ಕಾಣೂದಿಲ್ಲೇನ್ರಿ? ಕೇಳಿದ್ರ ಗೆಳ್ಯಾಂದು ಅಂತಾನ. ಅದಕ್ಕ ಕೇಳೂದಽ ಬಿಟ್ಟೀನಿ." ಇನ್ನೊಂದು ದಾರ ಕತ್ತರಿಸಿದರು. "ಮನ್ಯಾಗ ಯಾರೂ ನನ್ನ ಮುಂದ ಖರೇ ಮಾತಾಡೂದಿಲ್ಲ. ನಾ ಏನ್ ಹುಲಿ ಏನ್ರಿ?"

"ಸ್ವಲ್ಪ ಹೌದ್ರಿ" ಎಂದುಬಿಟ್ಟೆ.

ನಾಲಿಗೆ ಕಚ್ಚಿಕೊಂಡೆ. ಅವರ ಕತ್ತರಿ ನಿಂತಿತು. ನಗಲಿಲ್ಲ, ಆದರೆ ತುಟಿಯ ಒಂದು ಮೂಲೆ ಅಲ್ಲಾಡಿತು. "ನೀವು ಭಾಳ ಧೈರ್ಯದವರು ಬಿಡ್ರಿ" ಎಂದರು.

ಎಲ್ಲ ಗುಂಡಿಗಳೂ ಹೋದ ಮೇಲೆ ಶೇರ್ವಾನಿ ಹಲ್ಲು ಬಿದ್ದ ಬಾಯಂತೆ ಕಂಡಿತು. ನನ್ನ ಡಬ್ಬಿಯನ್ನು ಸುರುವಿದೆ. ಅಂಗಿಯ ಪ್ಲಾಸ್ಟಿಕ್ ಗುಂಡಿಗಳು, ಫ್ರಾಕಿನ ಟಿಚ್ ಗುಂಡಿಗಳು, ಯಾವುದೋ ಬ್ಲೇಜರಿನಿಂದ ಉಳಿದ, ಬೆನ್ನಿಗೆ ಕೊಂಡಿ ಇರುವ ಹಿತ್ತಾಳೆಯವು, ತೆಂಗಿನ ಚಿಪ್ಪಿನವು. ಶಿವದೇವಮ್ಮನವರು ಒಂದೊಂದನ್ನೂ ಬಟ್ಟೆಯ ಮೇಲಿಟ್ಟು ನೋಡಿ ತಲೆಯಾಡಿಸಿದರು. ಪ್ಲಾಸ್ಟಿಕ್ ಹಗುರಾಯಿತು, ಹಿತ್ತಾಳೆ ಬ್ಯಾಂಡಿನವರದಾಯಿತು, ಚಿಪ್ಪಿನದು ಕಪ್ಪಾಯಿತು. ಇವೆಲ್ಲ ಚಿಕ್ಕವು ಬೇರೆ, ಕಾಜದಲ್ಲಿ ನಿಲ್ಲುವಂತಿರಲಿಲ್ಲ. ಕಾಜ ಒಮ್ಮೆ ಕತ್ತರಿಸಿದ ಮೇಲೆ ಸಣ್ಣದು ಮಾಡಲು ಬರುವುದಿಲ್ಲ. ಚಾರ್‌ಮಿನಾರಿಗೆ ಹೋಗಿ ಬರುವಷ್ಟು ಹೊತ್ತೂ ಉಳಿದಿರಲಿಲ್ಲ.

"ಶೇರ್ವಾನಿ ಅರಬಿ ಉಳದೈತೇನ್ರಿ?" ಎಂದು ಅವರೇ ಕೇಳಿದರು. "ಕೂಸಿನ ಅಂಗಿಗೆ ಬಟ್ಟಿ ಗುಂಡಿ ಮಾಡ್ತಿದ್ವಿ ನಾವು. ಪಟ್ಟಿ ಹೊಸೆದು, ಗಂಟು ಹಾಕಿ."

ತುಂಡುಬಟ್ಟೆ ಇತ್ತು. ನಾನು ಅಡ್ಡನೂಲಿಗೆ ಓರೆಯಾಗಿ ಪಟ್ಟಿ ಕತ್ತರಿಸಿಕೊಟ್ಟೆ. ಅವರು ಅದನ್ನು ಹೊಸೆದು, ಬೆರಳಿಗೆ ಸುತ್ತಿ, ಒಳಗಿಂದ ಹೊರಗೆ ಎಳೆದು ಬಿಗಿದರು. ಮೊದಲನೆಯದು ದೊಡ್ಡದಾಗಿ ಕಾಜದಲ್ಲಿ ಹೋಗಲಿಲ್ಲ. ಎರಡನೆಯದು ಸಡಿಲಾಗಿ ಬಿಚ್ಚಿಕೊಂಡಿತು. ಮೂರನೆಯದು ನೆಲ್ಲಿಕಾಯಿಗಿಂತ ಚಿಕ್ಕದಾಗಿ, ಗುಂಡಗೆ, ಬಟ್ಟೆಯದೇ ಬಣ್ಣದಲ್ಲಿ ಕೂತಿತು. ಕಾಜದೊಳಗೆ ತುಸು ಒತ್ತಿ ನೂಕಬೇಕು, ಆದರೆ ಹೋಗುತ್ತದೆ, ನಿಲ್ಲುತ್ತದೆ. ನಾನು ಅದನ್ನು ಹೊಲಿಯತೊಡಗಿದೆ.

ಆಗ ಅವರ ಮೊಬೈಲ್ ಕೂಗಿತು. ವೈಭವನ ದನಿ ನನಗೂ ಕೇಳುವಷ್ಟು ಗಟ್ಟಿ.

"ಅಮ್ಮಾ, ಶೇರ್ವಾನಿ ತಂದ್ಯೇನು? ಫೋಟೋದಾಗ ಆ ಗುಂಡಿ ನೋಡಿ ಆಫೀಸಿನ್ಯಾಗ ಎಲ್ಲಾರೂ ಎಲ್ಲಿ ಸಿಗ್ತಾವ ಅಂತ ಕೇಳಾಕತ್ತಾರ."

ನನ್ನ ಸೂಜಿ ಅಲ್ಲೇ ನಿಂತಿತು. ಶಿವದೇವಮ್ಮನವರು ಕಾಗದದ ಮೇಲಿನ ಗುಂಡಿಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಆ ಗುಂಡಿ ನನಗ ಮನಸಿಗೆ ಬರಲಿಲ್ಲಪಾ" ಎಂದರು. "ತೆಗಸಿ ಬ್ಯಾರೆ ಹಚ್ಚಸಾಕತ್ತೀನಿ."

"ಏನಮ್ಮಾ ನೀನು! ಹೋದ ವಾರ ನೀನಽ ಚಲೋ ಅದಾವ ಅಂದಿದ್ದಿ. ಆ ಅಜ್ಜಿ ಎಷ್ಟು ಕಷ್ಟಪಟ್ಟು ಹುಡುಕಿ ತಂದಾರ, ಅವರ ಮನಸಿಗೆ ಏನನಸ್ತೈತಿ? ಎಲ್ಲಾದ್ರಾಗೂ ನಿಂದೊಂದು ಹಟ."

"ಹ್ಞೂಂ, ನಂದಽ ಹಟ. ಐಶ್ವರ್ಯಾಗೂ ಹಂಗಽ ಹೇಳು. ಅಮ್ಮಾರ್ದು ಏನೂ ಇಲ್ಲ ಇದರಾಗ."

ಅವನು ಇನ್ನೂ ಏನೋ ಹೇಳುತ್ತಿದ್ದಂತೆ ಫೋನನ್ನು ಮಡಿಲಲ್ಲಿ ಬೋರಲು ಹಾಕಿದರು.

"ಶಿವದೇವಮ್ಮಾರ..." ಎಂದೆ.

"ಬೈಕೊಳ್ಳಿ ಬಿಡ್ರಿ, ರೂಢಿ ಐತಿ ಅವಗ." ಹೊಸ ಪಟ್ಟಿಯೊಂದನ್ನು ಎತ್ತಿಕೊಂಡು ಹೊಸೆಯತೊಡಗಿದರು. "ಕೈ ನಡಗಸಬ್ಯಾಡ್ರಿ, ಓರೆ ಆಕ್ಕಾವ. ಅಯ್ಯನೋರು ಪೂಜಿಗೆ ಕೂಡೂದ್ರಾಗ ಅಲ್ಲಿಗೆ ಮುಟ್ಟಬೇಕು ನಾನು."